ಲಿಂಗನಮಕ್ಕಿ ಹಿನ್ನೀರು ಅರ್ಧ ಇಳಿದಾಗ ದೋಣಿ ಬಿಡುವವರಿಗೆ

ಶರಾವತಿ ಹಿನ್ನೀರು ಪೂರ್ತಿ ಇಳಿದ ಮೇಲೆ ದೋಣಿಯವರಿಗೆ ಅಂಥ ಭಯವೇನಿಲ್ಲ. ನೀರು ಎಲ್ಲಿದೆ, ಮರದ ಬೊಡ್ಡೆ ಎಲ್ಲಿದೆ ಎಲ್ಲ ಕಣ್ಣಿಗೆ ಕಾಣುತ್ತದೆ. ಪ್ರೊಪೆಲ್ಲರ್ ಮುರಿಯುವುದು ಅದಕ್ಕೂ ಮೊದಲು, ಬೊಡ್ಡೆಯ ತುದಿ ನೀರಿನಿಂದ ಒಂದಡಿ ಕೆಳಗಿದ್ದು ಮೇಲೆ ಕೆರೆಯಂತೆ ನೀರು ಹಾಸಿಕೊಂಡಿರುವ ದಿನಗಳಲ್ಲಿ.

1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಕಾಡು, ಗದ್ದೆಯ ಅಂಚು, ರಸ್ತೆ, ಬಾವಿಕಟ್ಟೆ ಎಲ್ಲ ಹಾಗೆಯೇ ಮುಳುಗಿದವು. ನೀರಿನಡಿ ಗಾಳಿ ಸಿಗದೆ ಮರ ಬೇಗ ಕೊಳೆಯುವುದಿಲ್ಲ. ಪ್ರತಿ ಬೇಸಿಗೆ ಹೊರಗೆ ಬಂದು ಬಿಸಿಲು ತಿನ್ನುವ ಭಾಗ ಮಾತ್ರ ಸವೆದು ಚೂಪಾಗುತ್ತದೆ. ಅಂದರೆ ದೋಣಿಗೆ ಸಿಗುವ ತುದಿಯೇ ಗೂಟದಂತಿರುತ್ತದೆ.

ಇದಕ್ಕೆ ಒಂದು ನೋಟ್‌ಬುಕ್ ಸಾಕು. ಜಲಾಶಯದ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಲಿಂಗನಮಕ್ಕಿಯ ಗರಿಷ್ಠ ಸಮುದ್ರಮಟ್ಟದಿಂದ 1,819 ಅಡಿ. ಬೊಡ್ಡೆಯ ತುದಿ ಯಾವತ್ತೂ ಒಂದೇ ಎತ್ತರದಲ್ಲಿರುತ್ತದೆ, ಏರಿಳಿಯುವುದು ನೀರು. ಹಾಗಾಗಿ ಒಂದು ಬೊಡ್ಡೆ ನೀರಿಗೆ ಸಮನಾಗಿ ಕಂಡ ದಿನದ ಮಟ್ಟವನ್ನು ಅದರ ಹೆಸರಿನ ಮುಂದೆ ಬರೆದಿಡಿ. ಉದಾಹರಣೆಗೆ, ‘ದ್ವೀಪದ ಎಡಗಡೆ, ಜೋಡಿ ಬೊಡ್ಡೆ, 1,768’. ಮುಂದೆ ಯಾವತ್ತೋ ಮಟ್ಟ 1,770 ಅಡಿ ಇದ್ದರೆ ಅದರ ಮೇಲೆ ಎರಡೇ ಅಡಿ ನೀರು. ಮುಳುಗಿಯೇ ಇರುವ ಬೊಡ್ಡೆಯಾದರೆ ಅಡಿಗೊಂದು ಬಣ್ಣದ ಪಟ್ಟಿ ಬಳಿದ ಬಿದಿರಿನ ಗಳ ಇಳಿಸಿ ಆಳ ನೋಡಿ, ಅಂದಿನ ಮಟ್ಟದಲ್ಲಿ ಅಷ್ಟನ್ನು ಕಳೆಯಿರಿ. ಎರಡು ಬೇಸಿಗೆ ಹೀಗೆ ಬರೆದರೆ ನಿಮ್ಮ ದಾರಿಯ ನಕ್ಷೆ ಸಿದ್ಧ. ಜಿಪಿಎಸ್ ಗುರುತು ಹಾಕುವವರೂ ಮಟ್ಟ ಬರೆಯದೆ ಬಿಟ್ಟರೆ ಆ ಗುರುತಿನಿಂದ ಅರ್ಧ ಪ್ರಯೋಜನವೂ ಇಲ್ಲ.

ಇನ್ನು ನಿಮ್ಮ ದೋಣಿಗೆ ಎಷ್ಟು ನೀರು ಬೇಕು? ಹದಿನೈದು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಚಪ್ಪಟೆ ತಳದ ದೋಣಿ ಜನ ತುಂಬಿದಾಗ ಆರೇಳು ಇಂಚು ಮುಳುಗುತ್ತದೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟರಿನ ಕಾಲು ತಳದಿಂದ ಇನ್ನೂ ಒಂದಡಿ ಕೆಳಗಿರುತ್ತದೆ. ಒಟ್ಟು ಹೆಚ್ಚುಕಡಿಮೆ 20 ಇಂಚು. ಮೇಲೆ ಒಂದಡಿ ಕೈಯಲ್ಲಿಟ್ಟುಕೊಂಡರೆ ಮೂರಡಿಗಿಂತ ಕಡಿಮೆ ಇರುವಲ್ಲಿ ಮೋಟರ್ ಓಡಿಸಬಾರದು. ‘ಇಬ್ಬರನ್ನು ಇಳಿಸಿದರೆ ದಾಟುತ್ತದೆ’ ಅನ್ನುವ ಲೆಕ್ಕ ತಪ್ಪು. ಈ ಅಳತೆಯ ದೋಣಿ ಇಬ್ಬರು ಇಳಿದರೆ ಏಳುವುದು ಒಂದೇ ಇಂಚು. ಹಿಂದೆ ಕೂತವರನ್ನು ಮುಂದಕ್ಕೆ ಕೂರಿಸಿ, ಮೋಟರನ್ನು ಒಂದೆರಡು ಹಲ್ಲು ಮೇಲಕ್ಕೆ ಓರೆ ಮಾಡಿದರೆ ಅದಕ್ಕಿಂತ ಹೆಚ್ಚು ಗಿಟ್ಟುತ್ತದೆ. ಕಯಾಕ್, ಹರಿಗೋಲಿಗೆ ಈ ತಲೆಬಿಸಿ ಇಲ್ಲ, ಅರ್ಧ ಅಡಿ ನೀರಲ್ಲೂ ತೇಲುತ್ತವೆ. ಆದರೆ ಹರಿಗೋಲಿನ ತಳಕ್ಕೂ ಗೂಟ ಗೂಟವೇ.

ಮೋಟರ್ ಓರೆ ಮಾಡಿದಾಗ, ಎಂಜಿನ್ ತಂಪಾಗಿಡಲು ನೀರು ಹೀರುವ ಕಿಂಡಿ ಮುಳುಗಿರಲೇಬೇಕು. ಹಿಂದಿನಿಂದ ಚಿಮ್ಮುವ ಸಣ್ಣ ನೀರಿನ ಎಳೆಯ ಮೇಲೆ ಕಣ್ಣಿಡಿ. ಅದು ತೆಳ್ಳಗಾದರೆ ಅಥವಾ ನಿಂತರೆ ಕೂಡಲೇ ಎಂಜಿನ್ ಆರಿಸಿ. ಕೆಸರು ಹೋಗಿ ಕೂತಿದ್ದರೆ ಆ ಎಳೆ ಬರುವ ತೂತಿಗೆ ತೆಳು ತಂತಿ ಆಡಿಸಿದರೆ ಬಿಡುತ್ತದೆ. ಬಿಡದಿದ್ದರೆ ಒಳಗೆ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ಸವೆದಿರಬಹುದು. ಮರಳು, ಹೂಳು ನೀರಲ್ಲಿ ಓಡಿಸಿದ ಬೇಸಿಗೆಯ ಕೊನೆಗೆ ಅದನ್ನು ಬಿಚ್ಚಿ ನೋಡುವುದು ಕ್ಷೇಮ. ಸಣ್ಣ ಮೋಟರಿನಲ್ಲಿ ಎಂಜಿನ್ ಜೋರಾಗಿ ಕೂಗುತ್ತಾ ದೋಣಿ ಮಾತ್ರ ನಿಂತಲ್ಲೇ ನಿಂತರೆ ಶಿಯರ್ ಪಿನ್, ಅಂದರೆ ಪ್ರೊಪೆಲ್ಲರ್ ಬಡಿದಾಗ ಗೇರ್ ಉಳಿಸಲು ತಾನೇ ಮುರಿಯುವ ಸಣ್ಣ ಪಿನ್ನು, ತುಂಡಾಗಿರುತ್ತದೆ. ಅದರ ಜಾಗಕ್ಕೆ ಮೊಳೆ ತುರುಕಬೇಡಿ. ಮೊಳೆ ಮುರಿಯದಿದ್ದರೆ ಮುಂದಿನ ಬೊಡ್ಡೆಗೆ ಗೇರೇ ಹೋಗುತ್ತದೆ. ಎರಡು ಪಿನ್ನು, ಒಂದು ಇಕ್ಕಳ ಡಬ್ಬಿಯಲ್ಲಿರಲಿ.

ದೋಣಿ ಕಚ್ಚಿಕೊಂಡರೆ ರಿವರ್ಸ್ ಹಾಕಿ ಎಕ್ಸಿಲರೇಟರ್ ಕೊಡುವುದು ಎಲ್ಲರ ಮೊದಲ ಕೆಲಸ, ಅದೇ ತಪ್ಪು. ಪ್ರೊಪೆಲ್ಲರ್ ಕೆಸರನ್ನು ದೋಣಿಯ ಅಡಿಗೇ ತಳ್ಳುತ್ತದೆ. ಎಂಜಿನ್ ಆರಿಸಿ, ಮೋಟರ್ ಎತ್ತಿ, ಜನರನ್ನು ಕಚ್ಚಿದ ತುದಿಯಿಂದ ಆಚೆ ಸರಿಸಿ, ಬಂದ ದಾರಿಯಲ್ಲೇ ಗಳ ಊರಿ ಹಿಂದಕ್ಕೆ ನೂಕಿ. ತಳ್ಳಲು ಇಳಿಯಬೇಡಿ. ದಡದ ಕೆಸರು ಮೇಲೆ ಒಣಗಿ ಬಿರಿದಿದ್ದರೂ ಕೆಳಗೆ ಹಸಿಯಾಗಿರುತ್ತದೆ, ಕಾಲು ತೊಡೆವರೆಗೆ ಹೂತುಕೊಳ್ಳುತ್ತದೆ.

ದಡವೂ ದೂರ ಸರಿಯುತ್ತದೆ. ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ ನೀರು ಒಂದಡಿ ಇಳಿದರೆ ಅಂಚು ಇಪ್ಪತ್ತಡಿ ಹಿಂದೆ ಹೋಯಿತು. ಸಿಗಂದೂರಿನ ಲಾಂಚಿಗೂ ಬೇಸಿಗೆಯಲ್ಲಿ ಇದೇ ಪಾಡಿತ್ತು. ನಡುಹೊಳೆಯಲ್ಲಿ ನೀರಿದ್ದರೂ ವಾಹನ ಹತ್ತಿಸುವ ಕಟ್ಟೆಗೆ ನೀರು ಮುಟ್ಟದೆ, ತೀರಾ ಬರದ ವರ್ಷ ಬರೀ ಜನರನ್ನು ದಾಟಿಸುತ್ತಿದ್ದರು. 2025ರ ಜುಲೈನಲ್ಲಿ ಸೇತುವೆ ಆಯಿತು, ಆ ಮಾತು ಬೇರೆ. ದೋಣಿ ಇಳಿಸಲು ಮಲೆನಾಡಿನಲ್ಲಿ ಸುಲಭಕ್ಕೆ ಸಿಗುವುದು ಅಡಿಕೆ ಮರ ಸೀಳಿದ ದಬ್ಬೆ. ಕೆಸರಿನ ಮೇಲೆ ಅಡ್ಡಡ್ಡ ಎರಡಡಿಗೊಂದರಂತೆ ಹಾಸಿ, ದೋಣಿಯ ಮೂತಿ ಮುಂದಾಗಿ ಜಾರಿಸಿ.

ತೇಲುವ ಜೆಟ್ಟಿ ಇದ್ದರೆ ನೀರು ನಾಲ್ಕೈದು ಅಡಿ ಇಳಿದಾಗಲೊಮ್ಮೆ ಆಳಕ್ಕೆ ಎಳೆಯಬೇಕು. ಒಂದು ಮೂಲೆ ನೆಲಕ್ಕೆ ಕೂತು ಇನ್ನೊಂದು ತೇಲುತ್ತಿದ್ದರೆ ಪ್ಲಾಸ್ಟಿಕ್ ಡಬ್ಬಗಳನ್ನು ಜೋಡಿಸಿದ ಕಿವಿಗಳು ಸೀಳುತ್ತವೆ. ಇಪ್ಪತ್ತಡಿ ಹಲಗೆ ದಾರಿ ಐದಡಿಗಿಂತ ಹೆಚ್ಚು ಇಳಿಜಾರಾದರೆ ಒದ್ದೆ ಚಪ್ಪಲಿಯವರು ಜಾರುತ್ತಾರೆ.

ಮೇ ತಿಂಗಳಲ್ಲಿ ಸಡಿಲವಾಯಿತೆಂದು ಗಿಡ್ಡ ಮಾಡಿದ ಲಂಗರಿನ ಹಗ್ಗವನ್ನು ಜೂನ್ ಮೊದಲ ಮಳೆಗೇ ಉದ್ದ ಬಿಡಿ. ಜೋರು ಮಳೆಗೆ ಈ ಹಿನ್ನೀರು ದಿನಕ್ಕೆ ಎರಡು ಮೂರು ಅಡಿ ಏರುತ್ತದೆ. ಹಗ್ಗ ಬಿಗಿದಿದ್ದರೆ ಜೆಟ್ಟಿಯನ್ನೇ ಕೆಳಕ್ಕೆ ಎಳೆದು ಮುಳುಗಿಸುತ್ತದೆ. ಅದೇ ವಾರ ನೋಟ್‌ಬುಕ್ ಮತ್ತೆ ತೆರೆಯಬೇಕು. ಬೇಸಿಗೆಯಿಡೀ ಕಣ್ಣೆದುರಿಗಿದ್ದ ಜೋಡಿ ಬೊಡ್ಡೆ, ಮಟ್ಟ 1,768 ಅಡಿ ದಾಟಿದ ದಿನವೇ ನೀರಿನಡಿ ಸೇರಿರುತ್ತದೆ.