ಬೀಸೋಕಲ್ಲಿನ ಸೂಫಿ ಹಾಡು

ಸೂಫಿ ಕಾವ್ಯ ಅಂದ ತಕ್ಷಣ ಎಲ್ಲರಿಗೂ ರೂಮಿ ನೆನಪಾಗುತ್ತಾನೆ, ಅದೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ಓಡಾಡುವ ಎರಡು ಸಾಲಿನ ರೂಮಿ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ನಮ್ಮ ಬಿಜಾಪುರದ ಚಕ್ಕಿನಾಮಾ, ಅಂದರೆ ಬೀಸೋಕಲ್ಲಿನ ಪದ. ಆದಿಲ್‌ಶಾಹಿ ಕಾಲದಲ್ಲಿ ಅಲ್ಲಿನ ಚಿಶ್ತಿ ಪಂಥದ ಸೂಫಿಗಳು ಜನ ಆಡುವ ದಖನಿ ಉರ್ದುವಿನಲ್ಲೇ ಪದ ಕಟ್ಟಿದರು. ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಂ ಈ ದಾರಿಯವರು. ಹೆಂಗಸರು ಹಿಟ್ಟು ಬೀಸುತ್ತಾ, ನೂಲು ತೆಗೆಯುತ್ತಾ ಇಂಥ ಪದ ಹಾಡುತ್ತಿದ್ದರು.

ಒಂದು ಚಕ್ಕಿನಾಮಾ ನೋಡಿ. ಬೀಸೋಕಲ್ಲಿನ ಹಿಡಿಗೂಟ ನೆಟ್ಟಗೆ ನಿಂತ ಅಲಿಫ್, ಅಲ್ಲಾಹ್ ಹೆಸರಿನ ಮೊದಲ ಅರಬ್ಬಿ ಅಕ್ಷರ, ಅಂದರೆ ಅಲ್ಲಾಹ್. ನಡುವೆ ಅಲ್ಲಾಡದೆ ಕೂತ ಕೀಲು ಪ್ರವಾದಿ ಮುಹಮ್ಮದ್. ಪಲ್ಲವಿಯಲ್ಲಿ ‘ಹೂ ಹೂ ಅಲ್ಲಾಹ್’ ಅಂತ ಬರುತ್ತದೆ; ಈ ‘ಹೂ’ ಅಂದರೆ ಅರಬ್ಬಿಯಲ್ಲಿ ‘ಅವನು’, ದೇವರು. ಕೈ ತಿರುಗಿದ ಹಾಗೆ ಉಸಿರು, ಉಸಿರಿನ ಜೊತೆ ದೇವರ ಹೆಸರು, ಅಲ್ಲಿಗೆ ಜಿಕ್ರ್, ಅಂದರೆ ಸೂಫಿಗಳ ನಾಮಸ್ಮರಣೆ, ಆಯ್ತು. ಸೂಫಿಗಳ ಮಠವಾದ ಖಾನ್ಕಾದಲ್ಲಿ ಹೋಗಿ ಕೂರುವಷ್ಟು ಪುರುಸೊತ್ತು ಯಾರಿಗಿತ್ತು ಹೇಳಿ, ಜೋಳ ಬೀಸಿದರೆ ತಾನೇ ಮನೆಯಲ್ಲಿ ರೊಟ್ಟಿ!

ದೇವರನ್ನೇ ನಲ್ಲ ಅಂತ ಕರೆಯುವ ಸೂಫಿಗಳ ಧಾಟಿ ಅಕ್ಕಮಹಾದೇವಿಯ ನಾಡಿನವರಿಗೆ ಹೊಸದೇನಲ್ಲ, ಅಲ್ವಾ? ಆದರೂ ಸೂಫಿ ಕಾವ್ಯದ ಮಾತು ಬಂದಾಗ ಈ ಬೀಸುವ ಪದಗಳನ್ನು ಯಾರೂ ಎತ್ತುವುದೇ ಇಲ್ಲ. ಮೀರಾಂಜಿಯವರ ದರ್ಗಾ ವಿಜಯಪುರದ ಹೊರಗೆ ಶಾಹಪುರ ದಿಬ್ಬದ ಮೇಲಿದೆ. ಗೋಳಗುಮ್ಮಟಕ್ಕೆ ಹೋದವರು ಅಲ್ಲಿಗೂ ಒಮ್ಮೆ ಹೋಗಿಬನ್ನಿ.