ಕೈಗಡಿಯಾರದಲ್ಲಿ ಕನ್ನಡ ಅಂಕಿ, ಅಡುಗೆಮನೆಯಲ್ಲಿ ವಿಸಲ್ ಲೆಕ್ಕ

ಒಂದು ರಾತ್ರಿ ಗಡಿಯಾರವನ್ನು ಕಳಚಿ ಮೇಜಿನ ಮೇಲಿಟ್ಟು ದೀಪ ಆರಿಸಿದಾಗ, ಅದರ ಬೆನ್ನಿನ ಕಡೆಯಿಂದ ಹಸಿರು ಬೆಳಕು ಸೋರುತ್ತಿರುವುದು ಕಂಡಿತು. ಅದು ನಾಡಿ ಬಡಿತ ಅಳೆಯುವ ಸೆನ್ಸರಿನ ಬೆಳಕು. ಕೈಯಲ್ಲೇ ಇಲ್ಲದ ಗಡಿಯಾರ ಯಾರ ನಾಡಿ ಹಿಡಿಯಲು ಹೊರಟಿದೆ ಎಂದು ಮೊದಲು ನಗು ಬಂತು. ಮರುಕ್ಷಣವೇ, ವಾರಗಟ್ಟಲೆ ಬಾಳಿಕೆ ಬರಬೇಕಾದ ಬ್ಯಾಟರಿ ಎರಡೇ ದಿನಕ್ಕೆ ಬರಿದಾಗುತ್ತಿದ್ದುದು ಏಕೆಂಬುದು ಹೊಳೆಯಿತು. ಅದರ ಕಾರಣವನ್ನು ನಾನು ಅದಾಗಲೇ ಒಂದು ವಾರದಿಂದ ಹುಡುಕುತ್ತಿದ್ದೆ.

ಈ ಗಡಿಯಾರದ ಹೆಸರು ಬ್ಯಾಂಗಲ್ ಜೆಎಸ್ 2. ಮೈಕ್ರೊಕಂಟ್ರೋಲರುಗಳೆಂಬ ಪುಟ್ಟ ಗಣಕ ಚಿಪ್ಪುಗಳ ಮೇಲೆ ಜಾವಾಸ್ಕ್ರಿಪ್ಟ್ ಭಾಷೆಯ ಕೋಡ್ ಓಡಿಸುವ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಎಸ್ಪ್ರುಯಿನೊ ಎಂಬ ಮುಕ್ತ ತಂತ್ರಾಂಶವನ್ನು ರೂಪಿಸಿದ ಗಾರ್ಡನ್ ವಿಲಿಯಮ್ಸ್ ಅವರೇ 2021ರಲ್ಲಿ, ಜನರಿಂದ ಮುಂಗಡ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್ ಮೂಲಕ ಇದನ್ನು ಹೊರತಂದರು. ಒಳಗಿರುವುದು 64 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 256 ಕಿಲೋಬೈಟ್ ರ್‍ಯಾಮ್, 200 ಮಿಲಿಆ್ಯಂಪ್‌ಅವರ್ ಬ್ಯಾಟರಿ. ಪರದೆ 176 ಚುಕ್ಕಿ ಅಗಲ, 176 ಚುಕ್ಕಿ ಎತ್ತರ, ಅದರಲ್ಲಿ ಎಂಟೇ ಬಣ್ಣ. ಇಂದಿನ ಫೋನುಗಳ ಪಕ್ಕದಲ್ಲಿ ಇವೆಲ್ಲ ಹಾಸ್ಯಾಸ್ಪದವಾಗಿ ಕಾಣುವ ಅಂಕಿಗಳು. ಆದರೆ ಪರದೆ ಸದಾ ಚಾಲೂ ಇರುತ್ತದೆ, ಸುಡುಬಿಸಿಲಿನಲ್ಲಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಗಡಿಯಾರದ ಕವಚ ಮತ್ತು ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಮೊದಲೇ ಇದ್ದ ಒಂದು ಸಿದ್ಧ ಮಾದರಿಯವು, ಆದ್ದರಿಂದ ಮುಕ್ತವಾಗಿರುವುದು ಮುಖ್ಯವಾಗಿ ಒಳಗಿನ ತಂತ್ರಾಂಶ ಎಂದು ಹೇಳುವುದೇ ಸರಿ. ನನ್ನ ಮಟ್ಟಿಗೆ ಅಷ್ಟೇ ಸಾಕು. ಬ್ರೌಸರಿನಲ್ಲಿ ನಾಲ್ಕು ಸಾಲು ಬರೆದು ಗುಂಡಿ ಒತ್ತಿದರೆ, ಆ ಸಾಲುಗಳು ಬ್ಲೂಟೂತ್ ಮೂಲಕ ಹೋಗಿ ಮಣಿಕಟ್ಟಿನ ಮೇಲೆ ಓಡಲಾರಂಭಿಸುತ್ತವೆ.

ಬ್ಯಾಟರಿಯ ವಿಷಯಕ್ಕೆ ಬರೋಣ. ನಾನೇ ಬರೆದ ಗಡಿಯಾರದ ಮುಖವು ಸೆಕೆಂಡಿಗೊಮ್ಮೆ ಪರದೆಯನ್ನು ಹೊಸದಾಗಿ ಬಿಡಿಸುತ್ತಿತ್ತು. ಅದರಲ್ಲಿ ಸೆಕೆಂಡಿನ ಮುಳ್ಳೇ ಇಲ್ಲದಿದ್ದರೂ ದಿನಕ್ಕೆ 86,400 ಬಾರಿ ಅದೇ ಗಂಟೆ, ಅದೇ ನಿಮಿಷವನ್ನು ಬರೆದು ಅಳಿಸುತ್ತಿತ್ತು. ಮುಂದಿನ ನಿಮಿಷ ಆರಂಭವಾಗಲು ಎಷ್ಟು ಮಿಲಿಸೆಕೆಂಡ್ ಉಳಿದಿದೆ ಎಂದು ಲೆಕ್ಕ ಹಾಕಿ, ಅಷ್ಟು ಹೊತ್ತು ನಿದ್ರಿಸಿ, ಆಮೇಲೆ ಒಮ್ಮೆ ಬಿಡಿಸುವಂತೆ ಬದಲಿಸಿದೆ. 86,400 ಹೋಗಿ 1,440 ಆಯಿತು. ತುಸು ಸುಧಾರಿಸಿತಾದರೂ ರೋಗ ವಾಸಿಯಾಗಲಿಲ್ಲ. ಹಸಿರು ಬೆಳಕು ಕಂಡ ಮೇಲೆಯೇ ನಿಜವಾದ ತಪ್ಪು ಸಿಕ್ಕಿತು. ಈ ಗಡಿಯಾರದಲ್ಲಿ ಯಾವುದೇ ಸೆನ್ಸರನ್ನು ಚಾಲೂ ಮಾಡುವಾಗ, ಕೇಳುತ್ತಿರುವವರು ಯಾರು ಎಂಬ ಹೆಸರನ್ನೂ ಕೊಡಬೇಕು. ಹಾಗೆ ಕೇಳಿದವರೆಲ್ಲರೂ ಬೇಡವೆನ್ನುವವರೆಗೆ ಸೆನ್ಸರ್ ಆರುವುದಿಲ್ಲ. ಒಂದು ಆ್ಯಪ್ ಬೇಡವೆಂದಾಗ ಇನ್ನೊಂದರ ಅಳತೆ ಅರ್ಧಕ್ಕೇ ನಿಲ್ಲಬಾರದೆಂದು ಮಾಡಿರುವ, ಬಹಳ ಬುದ್ಧಿವಂತಿಕೆಯ ಏರ್ಪಾಡು ಇದು. ನಾನು ಹತ್ತು ನಿಮಿಷಕ್ಕೊಮ್ಮೆ ನಾಡಿ ಅಳೆಯಲು ಸೆನ್ಸರನ್ನು ಒಂದು ಹೆಸರಿನಲ್ಲಿ ಹೊತ್ತಿಸಿ, ಅಕ್ಷರವೊಂದು ತಪ್ಪಿದ ಇನ್ನೊಂದು ಹೆಸರಿನಲ್ಲಿ ಆರಿಸುತ್ತಿದ್ದೆ. ಸಾಲ ಪಡೆದವನ ಖಾತೆ ಬಿಟ್ಟು ಬೇರೆಯವನ ಖಾತೆಗೆ ಕಂತು ಕಟ್ಟಿದ ಹಾಗೆ! ಆ ಒಂದು ಅಕ್ಷರವನ್ನು ತಿದ್ದಿದ ಮೇಲೆ ಚಾರ್ಜರನ್ನು ಎಲ್ಲಿಟ್ಟೆನೆಂದು ಮರೆಯುವಷ್ಟು ದಿನ ಬ್ಯಾಟರಿ ಬಂತು.

ಇದಕ್ಕಿಂತ ಹೆಚ್ಚು ಬೆವರಿಳಿಸಿದ್ದು ಇನ್ನೊಂದು ಪ್ರಸಂಗ. ಗಡಿಯಾರ ಏಳುವಾಗಲೇ ಓಡುವ ಕಡತದಲ್ಲಿ ತಪ್ಪು ಸಾಲೊಂದನ್ನು ಸೇರಿಸಿಬಿಟ್ಟಿದ್ದೆ. ಅದು ಏಳುವುದು, ಆ ಸಾಲಿಗೆ ಬಂದು ಎಡವುವುದು, ಮತ್ತೆ ಏಳುವುದು, ಹೀಗೆ ನಡೆಯಿತು. ಬ್ಲೂಟೂತಿನಲ್ಲಿ ಹುಡುಕಿದರೂ ಸಿಗಲಿಲ್ಲ. ಗುಂಡಿಯನ್ನು ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಒತ್ತಿ ಹಿಡಿದು ಮರುಪ್ರಾರಂಭಿಸಿ, ಅದು ಏಳುತ್ತಿರುವಾಗ ಬಿಟ್ಟು ತಕ್ಷಣ ಮತ್ತೆ ಒತ್ತಿ ಹಿಡಿದರೆ, ಉಳಿಸಿಟ್ಟ ಕೋಡನ್ನು ಮುಟ್ಟದೆ ಬರಿಗೈಯಲ್ಲಿ ಎದ್ದು ಕೂರುತ್ತದೆ, ಕಡತಗಳು ಅಳಿಯುವುದಿಲ್ಲ. ಆ ಬಿಡುವ ಮತ್ತು ಒತ್ತುವ ಕ್ಷಣ ನನಗೆ ಕೈಗೂಡಿದ್ದು ಐದಾರು ಪ್ರಯತ್ನಗಳ ನಂತರ. ಅಷ್ಟಾದರೂ ಕಂಪ್ಯೂಟರಿನ ಪಟ್ಟಿಯಲ್ಲಿ ಗಡಿಯಾರದ ಹೆಸರು ಕಾಣಲಿಲ್ಲ, ಏಕೆಂದರೆ ಪಕ್ಕದ ಕೋಣೆಯಲ್ಲಿದ್ದ ನನ್ನ ಫೋನು ಅದರ ಸಂಪರ್ಕವನ್ನು ಮೊದಲೇ ಹಿಡಿದುಕೊಂಡಿತ್ತು. ಒಂದು ಕಡೆ ಜೋಡಿಯಾದ ಗಡಿಯಾರ ಇನ್ನೊಂದು ಕಡೆಗೆ ಕಾಣಿಸಿಕೊಳ್ಳುವುದಿಲ್ಲ. ಜೊತೆಗೆ ಬ್ರೌಸರಿನಿಂದ ನೇರವಾಗಿ ಬ್ಲೂಟೂತ್ ಬಳಸುವ ಸೌಲಭ್ಯ ಕ್ರೋಮ್ ಮತ್ತು ಎಡ್ಜ್‌ಗಳಲ್ಲಿದೆ, ಫೈರ್‌ಫಾಕ್ಸ್‌ನಲ್ಲಿಲ್ಲ. ಗಡಿಯಾರವೇ ಸತ್ತಿತೆಂದು ಕೈಚೆಲ್ಲುವ ಮೊದಲು ಫೋನಿನ ಬ್ಲೂಟೂತನ್ನು ಆರಿಸಿ ನೋಡುವುದು ಒಳಿತು.

ಫೋನಿನಲ್ಲಿ ನಾನು ಬಳಸುವುದು ಗ್ಯಾಜೆಟ್‌ಬ್ರಿಜ್ ಎಂಬ ಮುಕ್ತ ಆ್ಯಪ್. ಫೋನಿಗೆ ಬಂದ ಸಂದೇಶಗಳನ್ನು ಅದು ಗಡಿಯಾರಕ್ಕೆ ದಾಟಿಸುತ್ತದೆ. ಮೊದಲ ದಿನ ತಂಗಿಯ ಸಂದೇಶ ಬಂದಾಗ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ ಕಂಡಿತು. ಅವಳು ಕೇಳಿದ್ದು ನಿಜವಾಗಿಯೂ ಒಂದೇ ಪ್ರಶ್ನೆ, ಊಟಕ್ಕೆ ಬರುತ್ತೀಯಾ ಎಂದು. ಗಡಿಯಾರದ ಫಾಂಟುಗಳಲ್ಲಿ ಕನ್ನಡವಿಲ್ಲ, ಇದ್ದರೂ ಸಾಲದು. ಕನ್ನಡ ಬರೆಯಲು ಅಕ್ಷರಗಳ ಚಿತ್ರವಿದ್ದರಷ್ಟೇ ಆಗದು. ಕಕಾರಕ್ಕೆ ರಕಾರದ ಒತ್ತು ಎಲ್ಲಿ ಕೂರಬೇಕು, ಗುಣಿತದ ಚಿಹ್ನೆ ಎಲ್ಲಿ ಅಂಟಬೇಕು ಎಂದು ಜೋಡಿಸಿ ಕೊಡುವ ತಂತ್ರಾಂಶವೂ ಬೇಕು, ಅದು ಇಷ್ಟು ಸಣ್ಣ ಯಂತ್ರಕ್ಕೆ ಭಾರದ ಕೆಲಸ. ಗ್ಯಾಜೆಟ್‌ಬ್ರಿಜ್ ಇದಕ್ಕೊಂದು ಉಪಾಯ ಇಟ್ಟುಕೊಂಡಿದೆ: ಗಡಿಯಾರಕ್ಕೆ ಓದಲಾಗದ ಪದವನ್ನು ಫೋನಿನಲ್ಲೇ ಸಣ್ಣ ಚಿತ್ರವಾಗಿ ಬರೆದು ಕಳುಹಿಸುವ ಆಯ್ಕೆ ಅದರ ಸೆಟ್ಟಿಂಗಿನಲ್ಲಿದೆ. ಅದನ್ನು ಚಾಲೂ ಮಾಡಿದೊಡನೆ ತಂಗಿಯ ಸಂದೇಶ ಒತ್ತಕ್ಷರ ಸಮೇತ ಬಂದು ಕುಳಿತಿತು.

ಪದವನ್ನು ಚಿತ್ರವಾಗಿ ಕಳುಹಿಸಬಹುದಾದರೆ ಗಡಿಯಾರದ ಮುಖದಲ್ಲಿ ಕನ್ನಡ ಅಂಕಿಗಳನ್ನು ಏಕೆ ತೋರಿಸಬಾರದು ಎಂಬ ಯೋಚನೆ ಬಂದದ್ದು ಅಲ್ಲಿಂದಲೇ. ಅಂಕಿಗಳಿಗೆ ಒತ್ತು, ಗುಣಿತಗಳ ಗೋಜಿಲ್ಲ. ಹತ್ತು ಚಿತ್ರಗಳಿದ್ದರೆ ಮುಗಿಯಿತು. ಒಂದೊಂದನ್ನೂ 36 ಚುಕ್ಕಿ ಅಗಲ, 60 ಚುಕ್ಕಿ ಎತ್ತರದ ಕಪ್ಪುಬಿಳುಪು ಚಿತ್ರವಾಗಿ ಮಾಡಿದೆ. ಚುಕ್ಕಿಗೊಂದು ಬಿಟ್‌ನಂತೆ ಎಂಟು ಬಿಟ್‌ಗೊಂದು ಬೈಟಿನಂತೆ ಅಂಕಿಯೊಂದಕ್ಕೆ 270 ಬೈಟು, ಹತ್ತಕ್ಕೆ 2,700. ನಾಲ್ಕು ಅಂಕಿಗಳಿಗೆ 144 ಚುಕ್ಕಿ ಹೋಗಿ, ಉಳಿದ 32ರಲ್ಲಿ ನಡುವಿನ ಎರಡು ಬೊಟ್ಟುಗಳು ಆರಾಮವಾಗಿ ಕೂರುತ್ತವೆ. ಮೊದಲ ದಿನ ರಾತ್ರಿ ನೋಡಿದರೆ ಗಂಟೆ ೦೦ ಆಗಿತ್ತು. ಕೂಗಿ ಕೇಳಬೇಕೆನಿಸಿತು, ಇಷ್ಟು ಬೇಗ ಮಧ್ಯರಾತ್ರಿಯೇ ಎಂದು. ತಪ್ಪು ನನ್ನದೇ: ಅಗಲವಾದ ಗೆರೆ ಚೆಂದವೆಂದು ದಪ್ಪ ಫಾಂಟ್ ಆಯ್ದುಕೊಂಡಿದ್ದೆ, ೧ರ ಕೆಳಗಿನ ತೆರಪು ಚಿತ್ರ ಕುಗ್ಗುವಾಗ ಮುಚ್ಚಿಹೋಗಿ ಅದು ಸೊನ್ನೆಯೇ ಆಗಿಬಿಟ್ಟಿತ್ತು, ಹನ್ನೊಂದು ಗಂಟೆ ಜೋಡಿ ಸೊನ್ನೆಯಾಗಿ ಕಂಡಿತ್ತು. ಆಮೇಲೆ ೧ನ್ನು ಫಾಂಟಿನಿಂದ ತೆಗೆಯದೆ, ಚೌಕುಳಿಯ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆದು, ಕೆಳಗೆ ಹತ್ತು ಚುಕ್ಕಿಗಳಷ್ಟು ಬಾಯಿ ತೆರೆದಿಟ್ಟೆ. ವಾರದ ಹೆಸರುಗಳನ್ನೂ ಏಳು ಚಿತ್ರಗಳಾಗಿ ಸೇರಿಸಿದಾಗ ಅಗಲದಲ್ಲಿ ಮಂಗಳ ತೊಂದರೆ ಕೊಟ್ಟರೆ, ಎತ್ತರದಲ್ಲಿ ಶುಕ್ರ ಕೊಟ್ಟಿತು. ಆ ಒಂದು ಒತ್ತಿಗಾಗಿ ಉಳಿದ ಆರು ಚಿತ್ರಗಳ ಕೆಳಗೂ ಖಾಲಿ ಜಾಗ ಬಿಡಬೇಕಾಯಿತು.

ಗಡಿಯಾರದಲ್ಲಿ ವಾಯುಭಾರ ಮಾಪಕವೂ ಇದೆ. ಮಂಗಳೂರಿನಿಂದ ಬೆಂಗಳೂರಿಗೆ ಹಗಲು ಬಸ್ಸಿನಲ್ಲಿ ಬರುವಾಗ ನಿಮಿಷಕ್ಕೊಮ್ಮೆ ಒತ್ತಡವನ್ನು ಕಡತಕ್ಕೆ ಬರೆದಿಡುವಂತೆ ಮಾಡಿದ್ದೆ. ಸಮುದ್ರದ ಮಟ್ಟದಿಂದ ಸುಮಾರು 900 ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಒತ್ತಡ ಸುಮಾರು ನೂರು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಆದರೆ ನಕ್ಷೆಯಲ್ಲಿ ಅದು ಒಂದೇ ಸಮನೆ ಇಳಿದಿರಲಿಲ್ಲ. ಗುಂಡ್ಯದವರೆಗೆ ಹೆಚ್ಚು ಕಡಿಮೆ ಮಟ್ಟಸವಾಗಿದ್ದ ಗೆರೆ ಶಿರಾಡಿ ಘಾಟಿಯಲ್ಲಿ ಬಾವಿಗೆ ಬಿದ್ದಂತೆ ಬಿದ್ದು, ಸಕಲೇಶಪುರದ ನಂತರ ಅಲ್ಲೇ ಅಲೆಅಲೆಯಾಗಿ ಬೆಂಗಳೂರಿನವರೆಗೆ ಸಾಗಿತ್ತು. ಜಿಪಿಎಸ್ ಇದ್ದೂ ಅದನ್ನು ಬಳಸಲಿಲ್ಲ. ಇಡೀ ದಾರಿ ಅದನ್ನು ಉರಿಸಿದ್ದರೆ ಬ್ಯಾಟರಿ ಮನೆ ಮುಟ್ಟುತ್ತಿತ್ತೋ ಇಲ್ಲವೋ, ಮಾಪಕವಾದರೋ ಅಳತೆ ಮುಗಿದೊಡನೆ ಮಲಗುತ್ತದೆ. ಈ ಬಾರಿ ಹೊತ್ತಿಸಿದ ಹೆಸರಿನಲ್ಲೇ ಆರಿಸಿದ್ದೆ.

ಮನೆಯಲ್ಲಿ ನಿಜಕ್ಕೂ ನೆಲೆಯೂರಿದ ಉಪಯೋಗ ಮಾತ್ರ ಇವಾವೂ ಅಲ್ಲ, ಕುಕ್ಕರಿನ ವಿಸಲ್ ಎಣಿಕೆ. “ಎಷ್ಟಾಯ್ತೋ, ಮೂರೋ ನಾಲ್ಕೋ?” ಎಂದು ಅಮ್ಮ ಅಡುಗೆಮನೆಯಿಂದ ಕೂಗುವುದು, ನಾನು ಕೇಳಿಸಿಕೊಂಡೇ ಇಲ್ಲದಿದ್ದರೂ ಮೂರು ಎನ್ನುವುದು ನಮ್ಮಲ್ಲಿ ನಿತ್ಯದ ವಾಡಿಕೆ. ಗಡಿಯಾರದಲ್ಲಿ ಮೈಕ್ ಇಲ್ಲ, ಆದ್ದರಿಂದ ವಿಸಲನ್ನು ಅದು ತಾನಾಗಿ ಕೇಳಲಾರದು. ವಿಸಲ್ ಕೂಗಿದಾಗ ಪರದೆಯನ್ನು ಒಮ್ಮೆ ಮುಟ್ಟಿದರೆ ಅಂಕಿ ಒಂದು ಹೆಚ್ಚುವಂತೆ ಬರೆದೆ. ಒಂದೇ ದಿನಕ್ಕೆ ಅದು ಸೋತಿತು. ಒಂದೆಡೆ ಒದ್ದೆ ಬೆರಳನ್ನು ಪರದೆ ಗುರುತಿಸುತ್ತಿರಲಿಲ್ಲ, ಇನ್ನೊಂದೆಡೆ ಕೆಲವು ಸೆಕೆಂಡ್ ಸುಮ್ಮನಿದ್ದರೆ ಲಾಕ್ ಆಗುವ ಪರದೆ ಸ್ಪರ್ಶವನ್ನೇ ಲೆಕ್ಕಿಸುವುದಿಲ್ಲ. ಎಣಿಕೆ ನಡೆಯುವಷ್ಟು ಹೊತ್ತು ಲಾಕ್ ಆಗದಂತೆ ಮಾಡಿ, ಮುಟ್ಟುವ ಬದಲು ಬದಿಯ ಗುಂಡಿಗೆ ಕೆಲಸ ಒಪ್ಪಿಸಿದೆ. ಆಗ ಬೇರೆ ತೊಂದರೆ. ಅಮ್ಮ ಗುಂಡಿಯನ್ನು ಮಿಕ್ಸಿಯ ಸ್ವಿಚ್ಚಿನಂತೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದರು. ಈ ಗಡಿಯಾರದಲ್ಲಿ ಗುಂಡಿಯನ್ನು ಒಂದೂವರೆ ಸೆಕೆಂಡ್ ಹಿಡಿದರೆ ಯಾವ ಆ್ಯಪ್ ಇದ್ದರೂ ಮುಚ್ಚಿ ಗಂಟೆ ತೋರಿಸುವ ಮುಖಕ್ಕೆ ಮರಳುತ್ತದೆ, ಎಣಿಸಿದ್ದೆಲ್ಲ ಹೋಗುತ್ತದೆ. ಹಾಗೆ ಒತ್ತಬಾರದೆಂದು ಎರಡು ಸಲ ಹೇಳಿ ನೋಡಿದೆ. “ನಲವತ್ತು ವರ್ಷದಿಂದ ನಾನು ಸ್ವಿಚ್ ಒತ್ತುತ್ತಿರೋದೇ ಹೀಗೆ” ಎಂದರು. ಆಮೇಲೆ ಪ್ರತಿ ವಿಸಲಿನ ಲೆಕ್ಕವನ್ನು, ಅದು ಬಂದ ಸಮಯದೊಡನೆ, ಆಗಿಂದಾಗಲೇ ಕಡತಕ್ಕೆ ಬರೆದಿಟ್ಟು, ಆ್ಯಪ್ ಮತ್ತೆ ತೆರೆದಾಗ ನಿಂತಲ್ಲಿಂದ ಮುಂದುವರಿಯುವಂತೆ ತಿದ್ದಿದೆ.

ಸಮಯವನ್ನು ಬರೆದಿಟ್ಟದ್ದರಿಂದ ಇನ್ನೊಂದು ಲಾಭವಾಯಿತು. ಒಂದು ವಿಸಲ್ ಆದ ಮೇಲೆ ಐದು ನಿಮಿಷ ಕಳೆದರೂ ಮುಂದಿನದು ಬಾರದಿದ್ದರೆ ಗಡಿಯಾರ ನಡುಗಿ ಎಚ್ಚರಿಸುತ್ತದೆ. ಗ್ಯಾಸ್ ಮುಗಿದದ್ದು, ಗ್ಯಾಸ್ಕೆಟ್ ಸಡಿಲವಾಗಿ ಪಕ್ಕದಿಂದ ಹಬೆ ಹೋಗುತ್ತಿದ್ದದ್ದು, ಹೀಗೆ ಎರಡು ಸಲ ಉಪಯೋಗಕ್ಕೆ ಬಂತು. ಉಳಿದಂತೆ ಅಮ್ಮ ಗುಂಡಿ ಒತ್ತಲು ಮರೆತಾಗಲೆಲ್ಲ ಸುಮ್ಮನೆ ನಡುಗುತ್ತದೆ. ನೀರಿನ ಮೋಟಾರ್ ಹಾಕಿ ಮರೆಯದಿರಲೆಂದು ಇಪ್ಪತ್ತು ನಿಮಿಷದ ಒಂದು ಎಚ್ಚರಿಕೆಯನ್ನೂ ಅದೇ ಆ್ಯಪಿನ ಬೆನ್ನಿಗೆ ಕಟ್ಟಿದ್ದೇನೆ. ಬ್ಲೂಟೂತ್ ಕೀಬೋರ್ಡಿನಂತೆ ವರ್ತಿಸುವ ಸೌಲಭ್ಯ ಬಳಸಿ ಸ್ಲೈಡುಗಳನ್ನು ಮಣಿಕಟ್ಟಿನಿಂದ ಮುಂದೆ ಸರಿಸಬಹುದು. ಅದನ್ನು ಒಮ್ಮೆ ಮಾಡಿ ನೋಡಿದೆ, ಕೆಲಸ ಮಾಡಿತು, ಮತ್ತೆ ಬೇಕೆನಿಸಲಿಲ್ಲ.

ಈಗ ಗಡಿಯಾರ ದಿನದ ಹೆಚ್ಚು ಹೊತ್ತು ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಎಣಿಕೆಯನ್ನೂ ಆ ದೊಡ್ಡ ಕನ್ನಡ ಅಂಕಿಗಳಲ್ಲೇ ತೋರಿಸುತ್ತಿದ್ದೇನೆ, ಕನ್ನಡಕವಿಲ್ಲದೆಯೂ ಅಮ್ಮನಿಗೆ ಕಾಣುತ್ತದೆ. ಮೊನ್ನೆ ಕಡಲೆ ಬೇಯಿಸುವಾಗ ದೂರದಿಂದ ನೋಡಿ ೬ ಆಗಿದೆಯೋ ೯ ಆಗಿದೆಯೋ ತಿಳಿಯುತ್ತಿಲ್ಲವೆಂದು ದೂರಿದರು. ಚೌಕುಳಿಯ ಹಾಳೆ ಮತ್ತೆ ಮೇಜಿನ ಮೇಲೆ ಬಂದಿದೆ.