ಖಾಲಿ ಹಾಲ್‌ಗೆ ಯಾಕೆ ಎಸಿ?

ಎರಡು ವರ್ಷದ ಹಿಂದಿನ ಜುಲೈ. ಹೊರಗೆ ಜಡಿಮಳೆ. ಶಿವಮೊಗ್ಗದಲ್ಲಿ ನಾನು ಕೆಲಸ ಮಾಡುವ ಕಟ್ಟಡದಲ್ಲಿ ನಾವೆಲ್ಲ ಸ್ವೆಟರ್ ಹಾಕಿಕೊಂಡು ಕೂತಿದ್ದರೆ, ಪಕ್ಕದ ಮೀಟಿಂಗ್ ಹಾಲ್‌ನಲ್ಲಿ ನರಪಿಳ್ಳೆ ಇಲ್ಲದಿದ್ದರೂ ಎಸಿ ಸುಮ್ನೆ 18 ಡಿಗ್ರಿಯಲ್ಲಿ ಗುಂಯ್ ಅನ್ನುತ್ತಿತ್ತು. ಬಿಲ್ ಬಂದ ದಿನ ಮಾತ್ರ ಎಲ್ಲರೂ ಎಲೆಕ್ಟ್ರಿಷಿಯನ್ ಮುಖ ನೋಡುತ್ತಿದ್ದರು.

ಆಮೇಲೆ ಬಿಎಂಎಸ್ (ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬಂತು. ಎಸಿ, ಲೈಟು, ಪಂಪು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ. ಜನ ಇಲ್ಲವಾ? ಲೈಟ್ ಆಫ್. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಯಿತಾ? ಆಗ ಹೊರಗಿನ ಗಾಳಿಯನ್ನು ಹೆಚ್ಚು ಎಳೆದುಕೊಳ್ಳುತ್ತದೆ.

ನನಗೆ ಮಜಾ ಅನ್ನಿಸಿದ್ದು ಎಸಿ ಗಾಳಿ ತಳ್ಳುವ ಫ್ಯಾನಿಗೆ, ಅಂದರೆ ಬ್ಲೋವರ್‌ಗೆ, ಹಾಕಿದ ವಿಎಫ್‌ಡಿ ಡಬ್ಬ; ಮೋಟರಿನ ವೇಗ ಹೆಚ್ಚುಕಮ್ಮಿ ಮಾಡುವುದು ಇದೇ. ಫ್ಯಾನಿನ ವೇಗ 100ರಿಂದ 80ಕ್ಕೆ ಇಳಿಸಿದರೆ ಕರೆಂಟೂ 20 ಪರ್ಸೆಂಟ್ ಉಳಿಯುತ್ತದೆ ಅಂದುಕೊಂಡಿದ್ದೆ. ಅಲ್ಲ! ಫ್ಯಾನ್ ಎಳೆಯುವ ಕರೆಂಟು ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ 0.8 × 0.8 × 0.8 ಮಾಡಬೇಕು. ಉತ್ತರ 0.51. ಲೆಕ್ಕದಲ್ಲಾದರೂ ಹೆಚ್ಚುಕಮ್ಮಿ ಅರ್ಧ ಕರೆಂಟು ಉಳಿಯಿತು, ಅಲ್ವಾ?

ಆದರೆ ಮಲೆನಾಡಿನ ಮಳೆ ಈ ಬಿಎಂಎಸ್‌ಗೆ ಗೊತ್ತಿರಲಿಲ್ಲ. ಹೊರಗೆ 22 ಡಿಗ್ರಿ ತಂಪಿದೆ ಅಂತ ರಾತ್ರಿಯೆಲ್ಲ ಡ್ಯಾಂಪರ್ (ಗಾಳಿ ಒಳಬಿಡುವ ಬಾಗಿಲು) ತೆರೆದಿಟ್ಟು ಹೊರಗಿನ ಗಾಳಿ ಬಿಟ್ಟಿತು, ಗಾಳಿ ಜೊತೆ ತೇವವೂ ಬಂತು, ವಾರದಲ್ಲಿ ಫೈಲುಗಳ ಬೆನ್ನಿಗೆ ಹಸಿರು ಬೂಷ್ಟು. ಬರೀ ಉಷ್ಣತೆ ನೋಡಿದರೆ ಇಲ್ಲಿ ಆಗುವುದಿಲ್ಲ. ಈಗ ತೇವಾಂಶದ ಸೆನ್ಸರ್ ಕೂಡ ಸೇರಿಸಿದ್ದಾರೆ.

ಇನ್ನೊಂದು ತಾಪತ್ರಯ ಹಾಗೇ ಇದೆ. ಲೈಟಿನ ಸೆನ್ಸರ್‌ಗೆ ಅಲುಗಾಟ ಬೇಕು. ಉದ್ದದ ಮೀಟಿಂಗ್‌ನಲ್ಲಿ ಎಲ್ಲರೂ ತೂಕಡಿಸುತ್ತಾ ಕೂತರೆ ಕತ್ತಲು, ಆಮೇಲೆ ಯಾರಾದರೂ ಎದ್ದು ಬಸ್ಸಿಗೆ ಕೈ ಮಾಡಿದ ಹಾಗೆ ಕೈ ಬೀಸಬೇಕು.